ಹೈಸ್ಕೂಲ್ ಡಿಪ್ಲೊಮಾ ಮತ್ತು ಮುಂದಿನ ದಾರಿಯ ಯೋಜನೆ: ವಾಷಿಂಗ್ಟನ್ ರಾಜ್ಯದ ಕಾನೂನಿನ ಕುರಿತು ಕನ್ನಡ ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಸಿಯಾಟಲ್, ಬೆಲ್‌ವ್ಯೂ, ರೆಡ್ಮಂಡ್, ಬಾಥೆಲ್ ಸುತ್ತಮುತ್ತ ನೆಲೆಸಿರುವ ಕನ್ನಡ ಕುಟುಂಬಗಳ ತಂದೆ ತಾಯಿಯರಲ್ಲಿ ಬಹಳಷ್ಟು ಮಂದಿ ಎಸ್ಸೆಸ್ಸೆಲ್ಸಿ, ಪಿಯುಸಿ, ಸಿಇಟಿ ಎಂಬ ಮೆಟ್ಟಿಲುಗಳನ್ನು ಹತ್ತಿ ಬಂದವರು. ಅಲ್ಲಿ ಯಾವ ವರ್ಷ ಯಾವ ಪರೀಕ್ಷೆ, ಯಾವ ಅಂಕಕ್ಕೆ ಯಾವ ಬಾಗಿಲು ತೆರೆಯುತ್ತದೆ ಎಂಬುದು ಮನೆಮಂದಿಗೆಲ್ಲ ಗೊತ್ತಿರುತ್ತಿತ್ತು. ಅವರ ಮಕ್ಕಳು ಇಲ್ಲಿ ಹತ್ತುತ್ತಿರುವ ಮೆಟ್ಟಿಲುಗಳು ಬೇರೆ. ಇಲ್ಲಿ ಒಂದು ದೊಡ್ಡ ಪರೀಕ್ಷೆಯ ಬದಲು ಹಲವು ವರ್ಷಗಳ ಸಣ್ಣ ಸಣ್ಣ ಆಯ್ಕೆಗಳು ಸೇರಿ ಡಿಪ್ಲೊಮಾ ಆಗುತ್ತದೆ, ಮತ್ತು ಆ ಆಯ್ಕೆಗಳ ಗಡುವುಗಳು ಯಾವ ಸದ್ದೂ ಇಲ್ಲದೆ ಕಳೆದುಹೋಗುತ್ತವೆ. ಆದ್ದರಿಂದ ರಾಜ್ಯದ ಕಾನೂನು ಏನು ಹೇಳುತ್ತದೆ, ಅದರಲ್ಲಿ ಪೋಷಕರ ಪಾಲು ಎಷ್ಟು ಎಂಬುದನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಪ್ರಯತ್ನ ಇದು.

‘ಹೈಸ್ಕೂಲ್ ಆ್ಯಂಡ್ ಬಿಯಾಂಡ್ ಪ್ಲ್ಯಾನ್’ ಎಂದರೇನು?

ವಿದ್ಯಾರ್ಥಿಯು ಹೈಸ್ಕೂಲಿನಲ್ಲಿ ಏನೇನು ಓದುತ್ತಾನೆ ಅಥವಾ ಓದುತ್ತಾಳೆ, ಆಮೇಲೆ ಎತ್ತ ಹೋಗಬೇಕೆಂದಿದೆ, ಅದಕ್ಕೆ ಈ ವರ್ಷ ಯಾವ ತರಗತಿ ಬೇಕು ಎಂಬುದನ್ನು ದಾಖಲಿಸುವ ವೈಯಕ್ತಿಕ ಯೋಜನೆ ಇದು. ಮುಂದಿನ ದಾರಿ ಎಂದರೆ ನಾಲ್ಕು ವರ್ಷದ ವಿಶ್ವವಿದ್ಯಾಲಯವೇ ಆಗಬೇಕೆಂದಿಲ್ಲ. ಎರಡು ವರ್ಷದ ಕಾಲೇಜು, ಅಪ್ರೆಂಟಿಸ್‌ಶಿಪ್, ಸೇನೆ, ನೇರ ಉದ್ಯೋಗ ಎಲ್ಲವೂ ಕಾನೂನಿನ ಕಣ್ಣಿನಲ್ಲಿ ಸಮಾನ. ಯೋಜನೆಯಲ್ಲಿ ವೃತ್ತಿ ಆಸಕ್ತಿಯ ಸಮೀಕ್ಷೆಯ ಫಲಿತಾಂಶ, ಶಿಕ್ಷಣದ ಗುರಿ, ನಾಲ್ಕು ವರ್ಷಗಳ ವಿಷಯಗಳ ಪಟ್ಟಿ, ಕಾಲೇಜು ಕ್ರೆಡಿಟ್ (ತರಗತಿಯೊಂದನ್ನು ಮುಗಿಸಿದ್ದಕ್ಕೆ ಲೆಕ್ಕಕ್ಕೆ ಸೇರುವ ಎಣಿಕೆ) ಕೊಡುವ ತರಗತಿಗಳು ಮತ್ತು ಹಣಕಾಸಿನ ನೆರವಿನ ಕುರಿತು ಮಾಹಿತಿ ದೊರೆತಿದೆ ಎಂಬ ದಾಖಲೆ ಇರಬೇಕು. 12ನೇ ತರಗತಿ ಮುಗಿಯುವ ಹೊತ್ತಿಗೆ ಒಂದು ರೆಸ್ಯೂಮೆ ಅಥವಾ ಚಟುವಟಿಕೆಗಳ ದಾಖಲೆಯೂ ಸಿದ್ಧವಾಗಿರಬೇಕು.

ಈ ಯೋಜನೆಗೆ ಕ್ರೆಡಿಟ್ ಇಲ್ಲ, ಅಂಕವೂ ಇಲ್ಲ. ಆದರೆ ಇದಿಲ್ಲದೆ ಡಿಪ್ಲೊಮಾ ಸಿಗುವುದಿಲ್ಲ. ಅಂಕವಿಲ್ಲದ ಕೆಲಸವೆಂಬ ಕಾರಣಕ್ಕೇ ಬಹಳ ಮನೆಗಳಲ್ಲಿ ಇದನ್ನು ಒಂದು ಫಾರಂ ಎಂದು ಭಾವಿಸಿ ತುಂಬಿ ಮುಗಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಶಾಲೆಯಿಂದ ಬರುವ ಎಲ್ಲ ಕಾಗದಗಳ ಪೈಕಿ ಪೋಷಕರು ಕುಳಿತು ನಿಧಾನವಾಗಿ ಓದಲೇಬೇಕಾದದ್ದು ಇದೊಂದೇ.

ಈ ಕಾನೂನು ಹೇಗೆ ರೂಪುಗೊಂಡಿತು?

ಅಮೆರಿಕದಲ್ಲಿ ಹೈಸ್ಕೂಲ್ ಮುಗಿಸಲು ಏನು ಬೇಕೆಂಬುದನ್ನು ತೀರ್ಮಾನಿಸುವುದು ಒಕ್ಕೂಟ ಸರ್ಕಾರವಲ್ಲ, ಆಯಾ ರಾಜ್ಯ. ವಾಷಿಂಗ್ಟನ್ನಿನಲ್ಲಿ ಶಾಸನಸಭೆ ಕಾನೂನು ಮಾಡುತ್ತದೆ, ಸ್ಟೇಟ್ ಬೋರ್ಡ್ ಆಫ್ ಎಜುಕೇಷನ್ ನಿಯಮಗಳನ್ನು ರೂಪಿಸುತ್ತದೆ, ರಾಜ್ಯದ ಶಾಲಾ ಶಿಕ್ಷಣ ಕಚೇರಿಯಾದ ಒಎಸ್‌ಪಿಐ ಅದನ್ನು ಜಾರಿಗೆ ತರುತ್ತದೆ, ಆಯಾ ಪ್ರದೇಶದ ಸಾರ್ವಜನಿಕ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್‌ಗಳು ತಮ್ಮದೇ ಆದ ಹೆಚ್ಚುವರಿ ಬೇಡಿಕೆಗಳನ್ನು ಸೇರಿಸಬಹುದು.

ಈಗಿನ ಸ್ವರೂಪಕ್ಕೆ ನಾಲ್ಕು ಘಟ್ಟಗಳು ಮುಖ್ಯ. 2014ರ ಸೆನೆಟ್ ಬಿಲ್ 6552 ಡಿಪ್ಲೊಮಾಕ್ಕೆ 24 ಕ್ರೆಡಿಟ್‌ಗಳ ಚೌಕಟ್ಟನ್ನು ಒಪ್ಪಿ, 2019ರಲ್ಲಿ ಹೊರಬರುವ ವಿದ್ಯಾರ್ಥಿಗಳಿಂದ ಅದು ಅನ್ವಯವಾಗುವಂತೆ ಮಾಡಿತು. 2017ರ ಹೌಸ್ ಬಿಲ್ 2224 ಯೋಜನೆಯ ಕೆಲಸವನ್ನು ಮಾಧ್ಯಮಿಕ ಶಾಲೆಯಲ್ಲೇ (ಹೈಸ್ಕೂಲಿಗೆ ಮುಂಚಿನ ಮಿಡಲ್ ಸ್ಕೂಲಿನಲ್ಲೇ) ಆರಂಭಿಸಬೇಕೆಂದು ವಿಧಿಸಿತು. 2019ರ ಹೌಸ್ ಬಿಲ್ 1599 ರಾಜ್ಯದ ಪರೀಕ್ಷೆಯಲ್ಲಿ ತೇರ್ಗಡೆಯಾಗಲೇಬೇಕೆಂಬ ಷರತ್ತನ್ನು ತೆಗೆದು, ಅದರ ಜಾಗದಲ್ಲಿ ಹಲವು ‘ಪಾತ್‌ವೇ’ಗಳನ್ನು, ಅಂದರೆ ಮುಂದಿನ ಹಂತಕ್ಕೆ ಸಿದ್ಧ ಎಂದು ತೋರಿಸುವ ದಾರಿಗಳನ್ನು ತಂದಿತು. 2023ರ ಸೆನೆಟ್ ಬಿಲ್ 5243 ರಾಜ್ಯದ ಎಲ್ಲ ವಿದ್ಯಾರ್ಥಿಗಳ ಯೋಜನೆಯನ್ನು ಒಂದೇ ಆನ್‌ಲೈನ್ ವೇದಿಕೆಗೆ ತರುವಂತೆ ಸೂಚಿಸಿತು. ಅಲ್ಲಿಯವರೆಗೆ ಒಂದು ಡಿಸ್ಟ್ರಿಕ್ಟಿನಲ್ಲಿ ಒಳ್ಳೆಯ ಸಾಫ್ಟ್‌ವೇರ್, ಇನ್ನೊಂದರಲ್ಲಿ ಕಾಗದದ ಕಡತ ಎಂಬ ಸ್ಥಿತಿ ಇತ್ತು. ಮನೆ ಬದಲಿಸಿದ ಮಗುವಿನ ಯೋಜನೆ ಹಳೆಯ ಶಾಲೆಯಲ್ಲೇ ಉಳಿದುಬಿಡುವ ಸಾಧ್ಯತೆ ಇತ್ತು. ಬಾಡಿಗೆ ಮನೆಗಳನ್ನು ಮೇಲಿಂದ ಮೇಲೆ ಬದಲಿಸುವ ನಮ್ಮಂಥ ಕುಟುಂಬಗಳಿಗೆ ಈ ಬದಲಾವಣೆ ಸಣ್ಣದಲ್ಲ.

24 ಕ್ರೆಡಿಟ್‌ಗಳ ಲೆಕ್ಕ ಹೇಗೆ?

ಇಂಗ್ಲಿಷ್ 4, ಗಣಿತ 3, ವಿಜ್ಞಾನ 3 (ಇವುಗಳಲ್ಲಿ 2 ಪ್ರಯೋಗಾಲಯದ ತರಗತಿಗಳು), ಸಮಾಜ ವಿಜ್ಞಾನ 3, ಆರೋಗ್ಯ ಮತ್ತು ದೈಹಿಕ ಶಿಕ್ಷಣ 2, ಕಲೆ 2, ವಿಶ್ವಭಾಷೆ (ಇಂಗ್ಲಿಷ್ ಅಲ್ಲದ ಭಾಷೆ) 2, ವೃತ್ತಿ ಮತ್ತು ತಾಂತ್ರಿಕ ಶಿಕ್ಷಣ 1, ಐಚ್ಛಿಕ 4. ಕೂಡಿದರೆ 24. ಇವಲ್ಲದೆ ವಾಷಿಂಗ್ಟನ್ ರಾಜ್ಯದ ಇತಿಹಾಸವನ್ನು ಓದಿರಬೇಕು. ಸಾಮಾನ್ಯವಾಗಿ ಅದು ಮಾಧ್ಯಮಿಕ ಶಾಲೆಯಲ್ಲೇ ಮುಗಿದಿರುತ್ತದೆ.

ಈ ಪಟ್ಟಿಯಲ್ಲಿ ಯೋಜನೆಗೆ ನೇರವಾಗಿ ಅಂಟಿಕೊಂಡ ಮೂರು ಜಾಗಗಳಿವೆ. ಮೂರನೆಯ ಗಣಿತ ಮತ್ತು ಮೂರನೆಯ ವಿಜ್ಞಾನದ ಕ್ರೆಡಿಟ್‌ಗಳನ್ನು ವಿದ್ಯಾರ್ಥಿಯ ಗುರಿಗೆ ತಕ್ಕಂತೆ ಆರಿಸಿಕೊಳ್ಳಬಹುದು, ಅದಕ್ಕೆ ಪೋಷಕರ ಅಥವಾ ಶಾಲೆಯ ಸಲಹೆಗಾರರಾದ ಕೌನ್ಸೆಲರ್‌ರ ಒಪ್ಪಿಗೆ ಬೇಕು. ಕಲೆಯ ಒಂದು ಕ್ರೆಡಿಟ್ ಮತ್ತು ವಿಶ್ವಭಾಷೆಯ ಎರಡು ಕ್ರೆಡಿಟ್‌ಗಳ ಬದಲಿಗೆ, ಯೋಜನೆಯಲ್ಲಿ ಬರೆದ ಗುರಿಗೆ ನೆರವಾಗುವ ಬೇರೆ ತರಗತಿಗಳನ್ನು ತೆಗೆದುಕೊಳ್ಳಬಹುದು. ಇದನ್ನು ‘ಪರ್ಸನಲೈಸ್ಡ್ ಪಾತ್‌ವೇ’ ಎನ್ನುತ್ತಾರೆ, 2019ರ ಕಾನೂನಿನ ಪಾತ್‌ವೇಗಳೇ ಬೇರೆ. ವಿದ್ಯಾರ್ಥಿಯ ಪರಿಸ್ಥಿತಿಯನ್ನು ನೋಡಿ ಡಿಸ್ಟ್ರಿಕ್ಟ್ 2 ಕ್ರೆಡಿಟ್‌ಗಳವರೆಗೆ ವಿನಾಯಿತಿ ಕೊಡಲೂ ಅವಕಾಶವಿದೆ, ಆದರೆ ಇಂಗ್ಲಿಷ್, ಗಣಿತದಂಥ ಮೂಲ ವಿಷಯಗಳಲ್ಲಿ ಅಲ್ಲ.

ಒಂದೇ ತರಗತಿ ಎರಡು ಬೇಡಿಕೆಗಳನ್ನು ಪೂರೈಸುವುದೂ ಉಂಟು. ಉದಾಹರಣೆಗೆ ವಿಜ್ಞಾನಕ್ಕೆ ಸಮಾನವೆಂದು ಒಪ್ಪಿತವಾದ ತಾಂತ್ರಿಕ ತರಗತಿಯೊಂದು ವಿಜ್ಞಾನದ ಮನೆಯನ್ನೂ ತಾಂತ್ರಿಕ ಶಿಕ್ಷಣದ ಮನೆಯನ್ನೂ ತುಂಬುತ್ತದೆ. ಆಗಲೂ ಸಿಗುವುದು ಒಂದೇ ಕ್ರೆಡಿಟ್. ಒಟ್ಟು 24 ಆಗಲೇಬೇಕಾದ್ದರಿಂದ ಉಳಿದ ಜಾಗದಲ್ಲಿ ಇಷ್ಟವಾದ ಇನ್ನೊಂದು ವಿಷಯ ಓದಬಹುದು.

ಎಸ್ಸೆಸ್ಸೆಲ್ಸಿಯಂತೆ ಕೊನೆಯ ಪಬ್ಲಿಕ್ ಪರೀಕ್ಷೆ ಇದೆಯೇ?

ಇಲ್ಲ. 10ನೇ ತರಗತಿಯಲ್ಲಿ ಇಂಗ್ಲಿಷ್ ಮತ್ತು ಗಣಿತದ ‘ಸ್ಮಾರ್ಟರ್ ಬ್ಯಾಲೆನ್ಸ್ಡ್’ ಪರೀಕ್ಷೆ ಇರುವುದು ನಿಜ, ಆದರೆ 2019ರ ಕಾನೂನಿನ ನಂತರ ಅದೊಂದೇ ಬಾಗಿಲಲ್ಲ. ವಿದ್ಯಾರ್ಥಿಯು ಮುಂದಿನ ಹಂತಕ್ಕೆ ಸಿದ್ಧ ಎಂಬುದನ್ನು ಇಂಗ್ಲಿಷ್ ಮತ್ತು ಗಣಿತ ಎರಡರಲ್ಲೂ ಯಾವುದಾದರೊಂದು ಪಾತ್‌ವೇ ಮೂಲಕ ತೋರಿಸಬೇಕು. ಆ ಪರೀಕ್ಷೆಯಲ್ಲಿ ನಿಗದಿತ ಅಂಕ ಪಡೆಯುವುದು ಒಂದು ದಾರಿ. ಕಾಲೇಜು ಕ್ರೆಡಿಟ್ ಕೊಡುವ ತರಗತಿಗಳು, ಎಪಿ, ಐಬಿ ಅಥವಾ ಕೇಂಬ್ರಿಡ್ಜ್ ಎಂಬ ಮೇಲ್ಮಟ್ಟದ ತರಗತಿಗಳಲ್ಲಿ ಸಿ ಪ್ಲಸ್ ಗ್ರೇಡ್ ಅಥವಾ ಅವುಗಳ ಪರೀಕ್ಷೆಯಲ್ಲಿ ಸಾಕಷ್ಟು ಅಂಕ, ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಅಥವಾ ಎಸಿಟಿ ಪರೀಕ್ಷೆ, ಕಾಲೇಜಿಗೆ ಸಿದ್ಧಪಡಿಸುವ ಸೇತುವೆ ತರಗತಿಗಳು, ಎಎಸ್‌ವಿಎಬಿ ಪರೀಕ್ಷೆ, ತಾಂತ್ರಿಕ ಶಿಕ್ಷಣದ ತರಗತಿಗಳ ಸರಣಿ ಇವೆಲ್ಲ ಬೇರೆ ದಾರಿಗಳು. ಇಂಗ್ಲಿಷಿಗೆ ಒಂದು, ಗಣಿತಕ್ಕೆ ಮತ್ತೊಂದು ಎಂದು ಬೆರೆಸಿಕೊಳ್ಳಲೂಬಹುದು. 2023ರ ಹೌಸ್ ಬಿಲ್ 1308 ಇವುಗಳ ಜೊತೆಗೆ, ತಾನು ಕಲಿತದ್ದನ್ನು ಕೆಲಸ ಮಾಡಿ ತೋರಿಸುವ ಇನ್ನೊಂದು ಪಾತ್‌ವೇಯನ್ನು ಸೇರಿಸಿತು.

ಎಎಸ್‌ವಿಎಬಿ ಎಂಬ ಹೆಸರು ಕೇಳಿ ಕೆಲವು ತಾಯಂದಿರು ಗಾಬರಿಯಾಗುತ್ತಾರೆ. ಅದು ಸೇನೆಯ ಅರ್ಹತಾ ಪರೀಕ್ಷೆ ಹೌದು, ಆದರೆ ಅದನ್ನು ಬರೆದವರು ಸೇನೆಗೆ ಸೇರಬೇಕೆಂಬ ಬದ್ಧತೆ ಇಲ್ಲ.

ಚೆನ್ನಾಗಿ ಓದುವ ಮಕ್ಕಳಿಗೆ ಪಾತ್‌ವೇ ಎಂಬುದು ಚಿಂತೆಯ ವಿಷಯವೇ ಅಲ್ಲ. ಹೆಚ್ಚಿನವರು ಗೊತ್ತಿಲ್ಲದೆಯೇ ಎರಡು ಮೂರು ಪಾತ್‌ವೇಗಳನ್ನು ಪೂರೈಸಿರುತ್ತಾರೆ. ಆದರೆ ಇಂಗ್ಲಿಷ್ ಹೊಸದಾಗಿ ಕಲಿಯುತ್ತಿರುವ ಮಗುವಿದ್ದರೆ, 11ನೇ ತರಗತಿಯ ಆರಂಭದಲ್ಲೇ ಯಾವ ಪಾತ್‌ವೇ ಎಂದು ಕೌನ್ಸೆಲರ್ ಜೊತೆ ಮಾತಾಡಿ ಯೋಜನೆಯಲ್ಲಿ ಬರೆಸಿಬಿಡಿ.

ಏಳನೇ ತರಗತಿಯ ಮಗುವಿಗೆ ವೃತ್ತಿಯ ಪ್ರಶ್ನೆ ಕೇಳುವುದು ಸರಿಯೇ?

ಈ ಆಕ್ಷೇಪ ನ್ಯಾಯವಾದದ್ದು. ಹನ್ನೆರಡು ವರ್ಷದ ಮಗುವನ್ನು ಕೂರಿಸಿ ನೀನು ಏನಾಗುತ್ತೀ ಎಂದು ತೀರ್ಮಾನ ಕೇಳುವುದು ಕ್ರೌರ್ಯವೇ ಸರಿ. ಕಾನೂನು ಅದನ್ನು ಕೇಳುವುದಿಲ್ಲ. ಮಾಧ್ಯಮಿಕ ಶಾಲೆಯಲ್ಲಿ ನಡೆಯುವುದು ಆಸಕ್ತಿ ಮತ್ತು ಕೌಶಲಗಳ ಸಮೀಕ್ಷೆ. ಕೈಕೆಲಸ ಇಷ್ಟವೋ, ಜನರೊಡನೆ ಬೆರೆಯುವುದು ಇಷ್ಟವೋ, ಲೆಕ್ಕ ಬಿಡಿಸುವುದು ಇಷ್ಟವೋ ಎಂಬಂಥ ಪ್ರಶ್ನೆಗಳು ಅದರಲ್ಲಿರುತ್ತವೆ. ಅದರ ಉತ್ತರ ಯಾರನ್ನೂ ಯಾವುದಕ್ಕೂ ಕಟ್ಟಿಹಾಕುವುದಿಲ್ಲ.

ಬೇಗ ಆರಂಭಿಸುವುದಕ್ಕೆ ಕಾರಣ ಬೇರೆ. ಎಂಟನೇ ತರಗತಿಯ ಕೊನೆಯಲ್ಲೇ ಒಂಬತ್ತನೆಯದರ ವಿಷಯಗಳನ್ನು ಆರಿಸಬೇಕಾಗುತ್ತದೆ, ಗಣಿತ ವಿಜ್ಞಾನಗಳಲ್ಲಿ ಒಂದರ ಮೇಲೊಂದು ತರಗತಿ ಕಟ್ಟಿಕೊಂಡು ಹೋಗುತ್ತದೆ. ನಮ್ಮೂರಿನಲ್ಲಿ ಎಸ್ಸೆಸ್ಸೆಲ್ಸಿ ಆದಮೇಲೆ ಸೈನ್ಸೋ ಕಾಮರ್ಸೋ ಆರ್ಟ್ಸೋ ಎಂಬ ಒಂದೇ ದಿನದ ನಿರ್ಧಾರವನ್ನು ನಾವು ಮಾಡಿದ್ದೆವು, ಅದೂ ಎಷ್ಟೋ ಸಲ ನಮ್ಮ ಪರವಾಗಿ ಮನೆಯ ಹಿರಿಯರು. ಇಲ್ಲಿ ಆ ನಿರ್ಧಾರ ಐದಾರು ವರ್ಷಗಳ ಮೇಲೆ ಹರಡಿಕೊಂಡಿದೆ. ಪ್ರತಿ ವರ್ಷ ಯೋಜನೆಯನ್ನು ತಿದ್ದಬಹುದು, ತಿದ್ದಲೇಬೇಕು. ಒಂಬತ್ತರಲ್ಲಿ ಪಶುವೈದ್ಯೆ ಎಂದವಳು ಹನ್ನೊಂದರಲ್ಲಿ ನಗರ ಯೋಜನೆ ಎಂದರೆ ಅದು ಚಂಚಲತೆಯಲ್ಲ, ಯೋಜನೆಯನ್ನು ಅದಕ್ಕಾಗಿಯೇ ಮಾಡಿರುವುದು.

ಡಿಪ್ಲೊಮಾದ ಬೇಡಿಕೆ ಪೂರೈಸಿದರೆ ವಿಶ್ವವಿದ್ಯಾಲಯಕ್ಕೂ ಸಾಕಾಗುತ್ತದೆಯೇ?

ಸಾಕಾಗದೆ ಇರಬಹುದು, ಮತ್ತು ಬಹಳ ಜನ ಎಡವುವ ಜಾಗ ಇದು. ಯೂನಿವರ್ಸಿಟಿ ಆಫ್ ವಾಷಿಂಗ್ಟನ್ ಸೇರಿದಂತೆ ರಾಜ್ಯದ ನಾಲ್ಕು ವರ್ಷದ ಸಾರ್ವಜನಿಕ ವಿಶ್ವವಿದ್ಯಾಲಯಗಳು ಪ್ರವೇಶಕ್ಕೆ ತಮ್ಮದೇ ವಿಷಯಪಟ್ಟಿಯನ್ನು ಇಟ್ಟುಕೊಂಡಿವೆ. ಅದನ್ನು ಸಿಎಡಿಆರ್ ಎಂದು ಕರೆಯುತ್ತಾರೆ. ಡಿಪ್ಲೊಮಾಕ್ಕೆ ವಿಶ್ವಭಾಷೆಯ ಬದಲು ಬೇರೆ ತರಗತಿ ನಡೆಯುತ್ತದೆ, ಆದರೆ ಈ ವಿಶ್ವವಿದ್ಯಾಲಯಗಳಿಗೆ ಒಂದೇ ಭಾಷೆಯ 2 ಕ್ರೆಡಿಟ್ ಬೇಕು. ಡಿಪ್ಲೊಮಾಕ್ಕೆ ಹನ್ನೊಂದನೇ ತರಗತಿಯಲ್ಲೇ ಗಣಿತ ಮುಗಿಸಿ ಕೈತೊಳೆದುಕೊಳ್ಳಬಹುದು, ಆದರೆ ಈ ಪಟ್ಟಿ ಹನ್ನೆರಡನೆಯ ವರ್ಷದಲ್ಲೂ ಗಣಿತ ಆಧಾರಿತ ತರಗತಿಯನ್ನು ಸಾಮಾನ್ಯವಾಗಿ ಕೇಳುತ್ತದೆ. ಅದಕ್ಕೇ ಯೋಜನೆಯ ‘ಶಿಕ್ಷಣದ ಗುರಿ’ ಎಂಬ ಅಂಕಣವನ್ನು ಖಾಲಿ ಬಿಡಬಾರದು. ಅಲ್ಲಿ ವಿಶ್ವವಿದ್ಯಾಲಯ ಎಂದು ಬರೆದಿದ್ದರೆ, ತರಗತಿಗಳ ಪಟ್ಟಿಯಲ್ಲಿ ಈ ಕೊರತೆ ಕೌನ್ಸೆಲರ್ ಕಣ್ಣಿಗೆ ಬೀಳುತ್ತದೆ.

ಮಗುವನ್ನು ಕೇಳದೆಯೇ ಮೇಲಿನ ಹಂತದ ತರಗತಿಗೆ ಹಾಕಿದ್ದಾರೆ. ಏಕೆ?

2019ರ ಅದೇ ಕಾನೂನು ಪ್ರತಿ ಡಿಸ್ಟ್ರಿಕ್ಟ್‌ಗೂ ‘ಅಕಾಡೆಮಿಕ್ ಆಕ್ಸೆಲರೇಷನ್’ ನೀತಿಯನ್ನು ಕಡ್ಡಾಯ ಮಾಡಿತು. ರಾಜ್ಯದ ಪರೀಕ್ಷೆಯಲ್ಲಿ ಗುಣಮಟ್ಟ ಮುಟ್ಟಿದ ವಿದ್ಯಾರ್ಥಿಗಳನ್ನು ಆ ವಿಷಯದ ಮುಂದಿನ ಕಠಿಣ ತರಗತಿಗೆ ತಾನೇ ತಾನಾಗಿ ಸೇರಿಸಲಾಗುತ್ತದೆ. ಬೇಡವೆಂದರೆ ಪೋಷಕರು ಬರೆದು ತಿಳಿಸಿ ಹಿಂದೆ ಸರಿಯಬಹುದು.

ತಾಂತ್ರಿಕ ಶಿಕ್ಷಣ ಎಂದರೆ ಓದಿನಲ್ಲಿ ಹಿಂದುಳಿದವರಿಗೆ ಅಲ್ಲವೇ?

ಈ ಪ್ರಶ್ನೆಗೆ ಸ್ವಲ್ಪ ವಿವರವಾಗಿ ಉತ್ತರಿಸಬೇಕು, ಏಕೆಂದರೆ ನಮ್ಮ ಸಮುದಾಯದಲ್ಲಿ ಈ ಭಾವನೆ ಆಳವಾಗಿದೆ. ಹತ್ತನೇ ತರಗತಿಯಲ್ಲಿ ಕಡಿಮೆ ಅಂಕ ಬಂದವರು ಐಟಿಐಗೆ ಹೋಗುತ್ತಾರೆ ಎಂಬ ಮಾತನ್ನು ನಾವೆಲ್ಲ ಕೇಳಿ ಬೆಳೆದಿದ್ದೇವೆ. ಅದು ಅಲ್ಲಿಗೂ ನ್ಯಾಯವಾದ ಮಾತಾಗಿರಲಿಲ್ಲ, ಇಲ್ಲಿಗಂತೂ ಹೊಂದುವುದೇ ಇಲ್ಲ. ವಾಷಿಂಗ್ಟನ್ನಿನಲ್ಲಿ ಒಂದು ಕ್ರೆಡಿಟ್‌ನಷ್ಟು ಇಂಥ ತರಗತಿಯನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತೆಗೆದುಕೊಳ್ಳಬೇಕು, ಹಾರ್ವರ್ಡಿಗೆ ಹೋಗುವವರೂ ಸೇರಿದಂತೆ. ಕಂಪ್ಯೂಟರ್ ಪ್ರೋಗ್ರಾಮಿಂಗ್, ಬಯೋಟೆಕ್ನಾಲಜಿ, ಎಂಜಿನಿಯರಿಂಗ್ ವಿನ್ಯಾಸ, ಅಕೌಂಟಿಂಗ್, ಶುಶ್ರೂಷೆ, ವೆಲ್ಡಿಂಗ್, ಅಡುಗೆ ಕಲೆ ಎಲ್ಲವೂ ಇದೇ ಹೆಸರಿನಡಿ ಬರುತ್ತವೆ.

ಒಂದು ಹೈಸ್ಕೂಲಿಗೆ ಕೊಳ್ಳಲಾಗದಷ್ಟು ದುಬಾರಿ ಸಲಕರಣೆ ಬೇಕಾಗುವ ವಿಷಯಗಳಿಗಾಗಿ ಹಲವು ಡಿಸ್ಟ್ರಿಕ್ಟ್‌ಗಳು ಸೇರಿ ‘ಸ್ಕಿಲ್ ಸೆಂಟರ್’ಗಳನ್ನು ನಡೆಸುತ್ತವೆ. ಕರ್ಕ್‌ಲ್ಯಾಂಡಿನ ವ್ಯಾನಿಕ್, ಎವೆರೆಟ್ಟಿನ ಸ್ನೋ-ಐಲ್ ಟೆಕ್ ಅಂಥವು. ಮಗು ಅರ್ಧ ದಿನ ತನ್ನ ಶಾಲೆಯಲ್ಲಿ, ಉಳಿದ ಹೊತ್ತು ಅಲ್ಲಿ ಕಲಿಯುತ್ತದೆ. ವಿಮಾನ ತಯಾರಿಕೆಯ ರಾಜ್ಯವಾದ್ದರಿಂದ ಆ ಉದ್ಯಮಕ್ಕೇ ಹೊಂದಿದ ಯುವ ಅಪ್ರೆಂಟಿಸ್‌ಶಿಪ್ ಕೂಡ ಇದೆ. ಎಜೆಎಸಿ ಎಂಬ ಸಂಸ್ಥೆ 2017ರಲ್ಲಿ ಟಕೋಮಾದಲ್ಲಿ ಆರಂಭಿಸಿದ ಈ ತರಬೇತಿಯಲ್ಲಿ ವಿದ್ಯಾರ್ಥಿಯು 2,000 ಗಂಟೆ ಸಂಬಳ ಪಡೆಯುತ್ತಾ ಕೆಲಸ ಕಲಿಯುತ್ತಾನೆ, ಜೊತೆಗೆ ಕಾಲೇಜು ತರಗತಿಗಳನ್ನೂ ಮುಗಿಸುತ್ತಾನೆ.

ಡಿಪ್ಲೊಮಾದ ಪಾತ್‌ವೇ ಆಗಿ ಇದನ್ನು ಬಳಸಬೇಕಾದರೆ ಒಂದು ತರಗತಿ ಸಾಲದು. ಯೋಜನೆಯಲ್ಲಿ ಬರೆದ ಗುರಿಗೆ ಸಂಬಂಧಿಸಿದ, ಕನಿಷ್ಠ 2 ಕ್ರೆಡಿಟ್‌ಗಳ ಸರಣಿಯನ್ನು ಪೂರ್ಣಗೊಳಿಸಬೇಕು. ಹತ್ತನೆಯದರಲ್ಲಿ ಛಾಯಾಗ್ರಹಣ, ಹನ್ನೊಂದರಲ್ಲಿ ಅಡುಗೆ ಎಂದು ಬಿಡಿ ಬಿಡಿಯಾಗಿ ಆರಿಸಿದರೆ ಕ್ರೆಡಿಟ್ ಸಿಗುತ್ತದೆ, ಪಾತ್‌ವೇ ಆಗುವುದಿಲ್ಲ.

ರನ್ನಿಂಗ್ ಸ್ಟಾರ್ಟ್ ಒಳ್ಳೆಯದೋ, ಎಪಿ ತರಗತಿಗಳೋ?

ಎರಡೂ ಒಳ್ಳೆಯವೇ, ಆದರೆ ಬೇರೆ ಬೇರೆ ಮಕ್ಕಳಿಗೆ. ರನ್ನಿಂಗ್ ಸ್ಟಾರ್ಟ್ 1990ರ ಶಾಸನದಿಂದ ಬಂದದ್ದು. 11 ಮತ್ತು 12ನೇ ತರಗತಿಯವರು ಬೋಧನಾ ಶುಲ್ಕವಿಲ್ಲದೆ ಕಮ್ಯುನಿಟಿ ಕಾಲೇಜಿಗೆ ಹೋಗಿ ಓದಬಹುದು, ಆ ಕ್ರೆಡಿಟ್ ಹೈಸ್ಕೂಲಿಗೂ ಕಾಲೇಜಿಗೂ ಸಲ್ಲುತ್ತದೆ. ಕ್ವಾರ್ಟರ್ ಎಂಬ ಸುಮಾರು ಮೂರು ತಿಂಗಳ ಅವಧಿಯ ಲೆಕ್ಕದಲ್ಲಿ ಕಾಲೇಜು ಕೊಡುವ 5 ಕ್ರೆಡಿಟ್ ಹೈಸ್ಕೂಲಿನ 1 ಕ್ರೆಡಿಟ್‌ಗೆ ಸಮ. ಪುಸ್ತಕ, ಇತರ ಶುಲ್ಕ ಮತ್ತು ಓಡಾಟದ ಖರ್ಚು ಮನೆಯದು. ಆದಾಯ ಕಡಿಮೆಯಿರುವ ಕುಟುಂಬಗಳಿಗೆ ಶುಲ್ಕ ವಿನಾಯಿತಿ ಇದೆ. ಹೈಸ್ಕೂಲಿನ ಕೋಣೆಯಲ್ಲೇ ಕಾಲೇಜಿನ ಪಾಠ ಕಲಿಸುವ ‘ಕಾಲೇಜ್ ಇನ್ ದ ಹೈಸ್ಕೂಲ್’ ತರಗತಿಗಳಿಗೆ ಹಿಂದೆ ಹಣ ಕಟ್ಟಬೇಕಿತ್ತು. 2023ರ ಸೆನೆಟ್ ಬಿಲ್ 5048 ಸಾರ್ವಜನಿಕ ಸಂಸ್ಥೆಗಳ ಮಟ್ಟಿಗೆ ಆ ಹೊರೆಯನ್ನು ಇಳಿಸಿತು.

ಇದೇ ರಾಜ್ಯದಲ್ಲಿ ಓದು ಮುಂದುವರಿಸುವ, ಸ್ವಂತವಾಗಿ ಸಮಯ ನೋಡಿಕೊಳ್ಳುವ ಅಭ್ಯಾಸವಿರುವ ಮಗುವಿಗೆ ರನ್ನಿಂಗ್ ಸ್ಟಾರ್ಟ್ ಎರಡು ವರ್ಷಗಳ ಶುಲ್ಕವನ್ನು ಉಳಿಸಬಲ್ಲದು. ಹೊರರಾಜ್ಯದ ಖಾಸಗಿ ವಿಶ್ವವಿದ್ಯಾಲಯಗಳು ಈ ಕ್ರೆಡಿಟ್‌ಗಳನ್ನು ಒಪ್ಪುವುದೂ ಬಿಡುವುದೂ ಅವುಗಳ ಇಷ್ಟ. ಅಲ್ಲಿ ಪಡೆದ ಗ್ರೇಡ್ ಶಾಶ್ವತ ಕಾಲೇಜು ದಾಖಲೆಯಲ್ಲಿ ಉಳಿಯುತ್ತದೆ ಎಂಬುದನ್ನು ಹದಿನಾರರ ಮಗುವಿಗೆ ಮುಂಚೆಯೇ ಹೇಳಬೇಕು.

ಮನೆಯಲ್ಲಿ ಕಲಿತ ಕನ್ನಡಕ್ಕೆ ಕ್ರೆಡಿಟ್ ಸಿಗುತ್ತದೆಯೇ?

ಸಿಗಬಹುದು, ಮತ್ತು ಇದನ್ನು ತಿಳಿಯದೆ ಎಷ್ಟೋ ಮಕ್ಕಳು ಎರಡು ವರ್ಷ ಇನ್ನೊಂದು ಭಾಷೆಗೆ ಕೊಟ್ಟುಬಿಡುತ್ತಾರೆ ಎಂಬುದು ನನಗೆ ನಿಜವಾದ ಬೇಸರದ ಸಂಗತಿ. ವಾಷಿಂಗ್ಟನ್ನಿನಲ್ಲಿ ವಿಶ್ವಭಾಷೆಯ ಕ್ರೆಡಿಟ್‌ಗಳನ್ನು ತರಗತಿಯಲ್ಲಿ ಕೂರದೆಯೇ, ಸಾಮರ್ಥ್ಯವನ್ನು ಪರೀಕ್ಷೆಯಲ್ಲಿ ತೋರಿಸಿ ಪಡೆಯುವ ವ್ಯವಸ್ಥೆ ಇದೆ. ಡಿಸ್ಟ್ರಿಕ್ಟ್‌ಗಳು ಅಳವಡಿಸಿಕೊಂಡಿರುವ ಮಾದರಿ ನೀತಿಯಂತೆ ಸಾಮರ್ಥ್ಯದ ಮಟ್ಟಕ್ಕೆ ತಕ್ಕಂತೆ 1ರಿಂದ 4 ಕ್ರೆಡಿಟ್‌ಗಳವರೆಗೆ ದೊರೆಯುತ್ತವೆ. ‘ಇಂಟರ್‌ಮೀಡಿಯೇಟ್ ಮಿಡ್’ ಮಟ್ಟ ಮುಟ್ಟಿದರೆ 4 ಕ್ರೆಡಿಟ್. ಅದೇ ಮಟ್ಟವನ್ನು ತೋರಿಸಿ ಇಂಗ್ಲಿಷಿನ ಬೇಡಿಕೆಯನ್ನೂ ಪೂರೈಸಿದವರಿಗೆ ಡಿಪ್ಲೊಮಾದ ಮೇಲೆ ‘ಸೀಲ್ ಆಫ್ ಬೈಲಿಟರಸಿ’ ಎಂಬ ಗೌರವ ದೊರೆಯುತ್ತದೆ. ರಾಜ್ಯ ಇದನ್ನು 2014ರಲ್ಲಿ ಕಾನೂನಾಗಿಸಿತು.

ತೊಡಕು ಬೇರೆ ಕಡೆ ಇದೆ. ಪರೀಕ್ಷೆಯಲ್ಲಿ ಕೇಳುವುದು, ಮಾತಾಡುವುದು, ಓದುವುದು, ಬರೆಯುವುದು ನಾಲ್ಕನ್ನೂ ನೋಡುತ್ತಾರೆ. ಅಜ್ಜಿಯ ಜೊತೆ ಫೋನಿನಲ್ಲಿ ಸರಾಗವಾಗಿ ಮಾತಾಡುವ ಮಗು ಒತ್ತಕ್ಷರದ ಮುಂದೆ ನಿಂತುಬಿಡುತ್ತದೆ. ಮಾತಿನಲ್ಲಿ ಎತ್ತರದ ಮಟ್ಟ, ಬರಹದಲ್ಲಿ ಸೊನ್ನೆ ಎಂದಾದರೆ ಕ್ರೆಡಿಟ್ ತೀರ ಕೆಳಕ್ಕೆ ಇಳಿಯುತ್ತದೆ. ವಾರಾಂತ್ಯದ ಕನ್ನಡ ಶಾಲೆಗಳು ಕಾಗುಣಿತದಿಂದ ಹಿಡಿದು ಒಂದು ಪುಟ ಪತ್ರ ಬರೆಯುವವರೆಗೆ ಮಕ್ಕಳನ್ನು ಕರೆದೊಯ್ದರೆ ಅದು ಸಂಸ್ಕೃತಿಯ ಕೆಲಸವೂ ಹೌದು, ಡಿಪ್ಲೊಮಾದ ಕೆಲಸವೂ ಹೌದು. ಒಂಬತ್ತನೇ ತರಗತಿಯ ಆರಂಭದಲ್ಲೇ ಡಿಸ್ಟ್ರಿಕ್ಟಿನ ವಿಶ್ವಭಾಷೆ ವಿಭಾಗವನ್ನು ಸಂಪರ್ಕಿಸಿ ಕನ್ನಡದ ಪರೀಕ್ಷೆಗೆ ಮನವಿ ಸಲ್ಲಿಸಿ, ಅದನ್ನು ಯೋಜನೆಯಲ್ಲೂ ಬರೆಸಿ. ಬಿಡುವಾದ ಎರಡು ಜಾಗಗಳಲ್ಲಿ ಮಗು ತನಗೆ ಬೇಕಾದದ್ದನ್ನು ಓದಬಹುದು.

ನಾವು ಎಚ್-1ಬಿ (ಉದ್ಯೋಗ ವೀಸಾ), ಮಗು ಎಚ್-4 (ಅವಲಂಬಿತರ ವೀಸಾ). ಯೋಜನೆಯಲ್ಲಿ ಇದರಿಂದ ವ್ಯತ್ಯಾಸ ಆಗುತ್ತದೆಯೇ?

ಡಿಪ್ಲೊಮಾದ ಬೇಡಿಕೆಗಳಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಸಾರ್ವಜನಿಕ ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಒಂದೇ ಕಾನೂನು. ವ್ಯತ್ಯಾಸ ಬರುವುದು ವೃತ್ತಿ ತಯಾರಿಯ ಭಾಗದಲ್ಲಿ.

ಮೊದಲನೆಯದಾಗಿ, ಎಚ್-4 ವೀಸಾದಲ್ಲಿರುವ ಮಕ್ಕಳು ಸಂಬಳದ ಕೆಲಸ ಮಾಡುವಂತಿಲ್ಲ. ಆದ್ದರಿಂದ ಮೇಲೆ ಹೇಳಿದ ಯುವ ಅಪ್ರೆಂಟಿಸ್‌ಶಿಪ್ ಅಥವಾ ಸಂಬಳ ಸಹಿತ ಇಂಟರ್ನ್‌ಶಿಪ್ ಅವರಿಗೆ ಆಗುವುದಿಲ್ಲ. ಕೌನ್ಸೆಲರ್‌ಗಳಿಗೆ ಮಗುವಿನ ವೀಸಾ ತಿಳಿದಿರುವುದಿಲ್ಲ, ಕೇಳುವುದೂ ಇಲ್ಲ. ಮಗುವಿಗೂ ಎಷ್ಟೋ ಸಲ ತನ್ನ ಸ್ಥಿತಿ ಗೊತ್ತಿರುವುದಿಲ್ಲ. ಗೆಳೆಯರೆಲ್ಲ ಬೇಸಿಗೆಯ ಕೆಲಸಕ್ಕೆ ಅರ್ಜಿ ಹಾಕುವಾಗ ತನಗೇಕೆ ಆಗದು ಎಂಬುದನ್ನು ಅಂದು ತಿಳಿಯುವ ಮಗುವಿನ ನೋವನ್ನು ತಪ್ಪಿಸುವುದು ನಮ್ಮ ಕೈಯಲ್ಲಿದೆ. ಒಂಬತ್ತನೆಯದರ ಹೊತ್ತಿಗೆ ಮನೆಯಲ್ಲಿ ಕೂತು ಹೇಳಿಬಿಡಿ. ಶಾಲೆಯ ಪ್ರಯೋಗಾಲಯ, ಸ್ಕಿಲ್ ಸೆಂಟರ್, ಸ್ವಯಂಸೇವೆ, ಸ್ಪರ್ಧೆಗಳು ಇವೆಲ್ಲ ತೆರೆದಿವೆ, ಅವನ್ನು ಆಧರಿಸಿ ಯೋಜನೆ ಕಟ್ಟಬಹುದು.

ಎರಡನೆಯದಾಗಿ, ಎಚ್-4 ಅವಲಂಬಿತರ ಸ್ಥಿತಿ 21ನೇ ವಯಸ್ಸಿಗೆ ಮುಗಿಯುತ್ತದೆ. ಗ್ರೀನ್ ಕಾರ್ಡಿನ ಸರದಿ ಅದರೊಳಗೆ ಬರದಿದ್ದರೆ ಪದವಿಯ ನಡುವೆಯೇ ವಿದ್ಯಾರ್ಥಿ ವೀಸಾವಾದ ಎಫ್-1ಗೆ ಬದಲಾಗಬೇಕಾದೀತು. ಹೈಸ್ಕೂಲಿನಲ್ಲೇ ಕಾಲೇಜು ಕ್ರೆಡಿಟ್ ಗಳಿಸಿಟ್ಟರೆ ಪದವಿಯ ಅವಧಿ ಕಡಿಮೆಯಾಗುತ್ತದೆ. ಇಂಥ ಕುಟುಂಬಗಳಿಗೆ ರನ್ನಿಂಗ್ ಸ್ಟಾರ್ಟ್ ಅಥವಾ ಎಪಿ ಬರೀ ಪ್ರತಿಷ್ಠೆಯ ಮಾತಲ್ಲ. ಪ್ರತಿ ಮನೆಯ ವಲಸೆಯ ಲೆಕ್ಕ ಬೇರೆಯಾದ್ದರಿಂದ ವಕೀಲರ ಸಲಹೆ ಪಡೆದೇ ತೀರ್ಮಾನಿಸಿ.

ಹಣಕಾಸಿನ ನೆರವಿನ ಮಾಹಿತಿ ಯೋಜನೆಯಲ್ಲಿ ಏಕಿದೆ?

ಅರ್ಹತೆ ಇದ್ದೂ ಅರ್ಜಿ ಹಾಕದವರು ಹೆಚ್ಚೆಂಬ ಕಾರಣಕ್ಕೆ. ನಾಗರಿಕರು ಮತ್ತು ಗ್ರೀನ್ ಕಾರ್ಡ್ ಹೊಂದಿದವರು ಒಕ್ಕೂಟ ಸರ್ಕಾರದ ಫಾಫ್ಸಾ ಅರ್ಜಿ ತುಂಬುತ್ತಾರೆ. ಅದು ಸಾಮಾನ್ಯವಾಗಿ ಅಕ್ಟೋಬರ್ 1ಕ್ಕೆ ತೆರೆಯುತ್ತದೆ. ವಲಸೆಯ ಸ್ಥಿತಿಯಿಂದಾಗಿ ಅದಕ್ಕೆ ಅರ್ಹರಲ್ಲದವರಿಗೆ ರಾಜ್ಯದ ವಾಸ್ಫಾ ಅರ್ಜಿ ಇದೆ, ಅದರ ವಾಸಸ್ಥಳದ ಷರತ್ತುಗಳನ್ನು ವಾಷಿಂಗ್ಟನ್ ಸ್ಟೂಡೆಂಟ್ ಅಚೀವ್‌ಮೆಂಟ್ ಕೌನ್ಸಿಲ್ ವಿವರಿಸುತ್ತದೆ. 2019ರ ಶಾಸನದಿಂದ ರೂಪುಗೊಂಡ ‘ವಾಷಿಂಗ್ಟನ್ ಕಾಲೇಜ್ ಗ್ರ್ಯಾಂಟ್’ ಕುಟುಂಬದ ಆದಾಯ ಮತ್ತು ಸದಸ್ಯರ ಸಂಖ್ಯೆಯ ಮೇಲೆ ನಿಂತಿದೆ. ಅದು ಪದವಿಗೆ ಮಾತ್ರವಲ್ಲ, ಒಪ್ಪಿತ ಅಪ್ರೆಂಟಿಸ್‌ಶಿಪ್‌ಗೂ ಸಿಗುತ್ತದೆ.

ನಮಗೆ ಇಂಗ್ಲಿಷ್ ಕಷ್ಟ. ಯೋಜನೆಯನ್ನು ಕನ್ನಡದಲ್ಲಿ ಕೇಳಬಹುದೇ?

ಯೋಜನೆ ರೂಪಿಸುವಾಗ ಪೋಷಕರನ್ನು ಸಾಧ್ಯವಾದಷ್ಟು ಮಟ್ಟಿಗೆ ತೊಡಗಿಸಿಕೊಳ್ಳಬೇಕೆಂದು ಕಾನೂನು ಹೇಳುತ್ತದೆ. ಆದರೆ ಅನುವಾದದ ಹೊಣೆಯನ್ನು ಅದು ಡಿಸ್ಟ್ರಿಕ್ಟಿನ ವಿದ್ಯಾರ್ಥಿಗಳು ಇಂಗ್ಲಿಷ್ ಬಿಟ್ಟು ಅತಿ ಹೆಚ್ಚು ಆಡುವ ಎರಡು ಭಾಷೆಗಳಿಗೆ ಕಟ್ಟಿದೆ. ಕನ್ನಡ ಆ ಎರಡರಲ್ಲಿ ಬರುವುದು ಅಪರೂಪ. ಹಾಗೆಂದು ಕೈಚೆಲ್ಲಬೇಕಿಲ್ಲ. ಒಕ್ಕೂಟದ ನಾಗರಿಕ ಹಕ್ಕುಗಳ ಕಾನೂನಿನಂತೆ, ಇಂಗ್ಲಿಷ್ ಸಾಲದ ಪೋಷಕರಿಗೆ ಅರ್ಥವಾಗುವ ಭಾಷೆಯಲ್ಲಿ ಮುಖ್ಯ ಮಾಹಿತಿ ತಲುಪಿಸುವುದು ಶಾಲೆಯ ಕರ್ತವ್ಯ. ಕೌನ್ಸೆಲರ್ ಭೇಟಿಗೆ ಮುಂಚೆ ಕನ್ನಡ ದುಭಾಷಿ ಬೇಕೆಂದು ತಿಳಿಸಿ, ಅದಕ್ಕೆ ಹಣ ಕೊಡಬೇಕಿಲ್ಲ. ಮಗುವನ್ನೇ ದುಭಾಷಿಯಾಗಿ ಕೂರಿಸುವುದು ಒಳ್ಳೆಯದಲ್ಲ, ತನ್ನದೇ ಭವಿಷ್ಯದ ಮಾತುಕತೆಯಲ್ಲಿ ಅದು ಎರಡು ಕಡೆಯೂ ಮಾತಾಡಬೇಕಾಗುತ್ತದೆ.

ಹತ್ತನೇ ತರಗತಿ ಕರ್ನಾಟಕದಲ್ಲಿ ಓದಿ ಬಂದ ಮಗುವಿನ ಗತಿ ಏನು?

9 ಮತ್ತು 10ನೇ ತರಗತಿಯ ಅಂಕಪಟ್ಟಿಗಳನ್ನು ಡಿಸ್ಟ್ರಿಕ್ಟ್ ಪರಿಶೀಲಿಸಿ ಇಲ್ಲಿನ ಕ್ರೆಡಿಟ್‌ಗಳಾಗಿ ಪರಿವರ್ತಿಸುತ್ತದೆ. ಬರುವಾಗ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೊಂದನ್ನೇ ತರುವ ಕುಟುಂಬಗಳು ಹೆಚ್ಚು. ಒಂಬತ್ತನೆಯದರ ಪ್ರಗತಿ ಪತ್ರ ಮತ್ತು ಶಾಲೆಯಿಂದ ವಿಷಯವಾರು ಪಠ್ಯಕ್ರಮದ ವಿವರವೂ ಜೊತೆಗಿದ್ದರೆ ಲೆಕ್ಕ ಸುಲಭ. ಸಾಮಾನ್ಯವಾಗಿ ಕಾಣುವ ಕೊರತೆಗಳು ಅಮೆರಿಕದ ಇತಿಹಾಸ, ಸಿವಿಕ್ಸ್, ಕಲೆ ಮತ್ತು ದೈಹಿಕ ಶಿಕ್ಷಣದಲ್ಲಿ. ಗಣಿತದಲ್ಲಿ ಮಕ್ಕಳು ಹೆಚ್ಚಾಗಿ ಮುಂದಿರುತ್ತಾರೆ, ಸರಿಯಾದ ಹಂತಕ್ಕೆ ಹಾಕುವಂತೆ ಕೇಳಿ.

ವಿಶೇಷ ಶಿಕ್ಷಣ ಪಡೆಯುವ ಮಕ್ಕಳಿಗೆ ಬೇರೆ ನಿಯಮವಿದೆಯೇ?

ಯೋಜನೆ ಅವರಿಗೂ ಕಡ್ಡಾಯ. ಒಕ್ಕೂಟದ ಕಾನೂನಿನಂತೆ 16ನೇ ವಯಸ್ಸಿನೊಳಗೆ ಐಇಪಿಯಲ್ಲಿ (ವಿಶೇಷ ಶಿಕ್ಷಣ ಪಡೆಯುವ ಮಗುವಿನ ವೈಯಕ್ತಿಕ ಶಿಕ್ಷಣ ಕಾರ್ಯಕ್ರಮ) ಸೇರಬೇಕಾದ ‘ಟ್ರಾನ್ಸಿಷನ್’ ಎಂಬ ಶಾಲೆಯ ನಂತರದ ಬದುಕಿನ ಯೋಜನೆಯೂ ಇದೂ ಒಂದಕ್ಕೊಂದು ಹೊಂದಿರಬೇಕು. ಐಇಪಿ ಸಭೆಗೆ ಇದರ ಪ್ರತಿಯನ್ನು ತೆಗೆದುಕೊಂಡು ಹೋಗಿ, ಎರಡರಲ್ಲೂ ಬರೆದ ಗುರಿ ಒಂದೇ ಇದೆಯೇ ಎಂದು ಕೇಳಿ.

ಟೆಕ್ಸಾಸ್‌ಗೋ ಕ್ಯಾಲಿಫೋರ್ನಿಯಾಕ್ಕೋ ವರ್ಗವಾದರೆ?

ಕ್ರೆಡಿಟ್‌ಗಳು ಜೊತೆಗೆ ಬರುತ್ತವೆ, ಬೇಡಿಕೆಗಳು ಬದಲಾಗುತ್ತವೆ. ಟೆಕ್ಸಾಸ್ 2013ರ ಹೌಸ್ ಬಿಲ್ 5 ಮೂಲಕ 22 ಕ್ರೆಡಿಟ್‌ಗಳ ಬುನಾದಿ ಇಟ್ಟು, ಒಂಬತ್ತನೇ ತರಗತಿಗೆ ಸೇರುವಾಗಲೇ ‘ಎಂಡಾರ್ಸ್‌ಮೆಂಟ್’ ಎಂಬ ಐದು ಕ್ಷೇತ್ರಗಳಲ್ಲಿ ಒಂದನ್ನು ಆರಿಸಲು ಕೇಳುತ್ತದೆ. ಅದು ಸೇರಿದರೆ 26 ಕ್ರೆಡಿಟ್. ಅಲ್ಲಿನ ಸಾರ್ವಜನಿಕ ವಿಶ್ವವಿದ್ಯಾಲಯಗಳಿಗೆ ಶ್ರೇಣಿಯ ಆಧಾರದ ಮೇಲೆ ನೇರ ಪ್ರವೇಶ ಬಯಸುವವರು ಆಲ್ಜಿಬ್ರಾ 2 ಓದಿರಲೇಬೇಕು. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ಕನಿಷ್ಠ ಬೇಡಿಕೆಗಿಂತ ವಿಶ್ವವಿದ್ಯಾಲಯಗಳ ‘ಎ-ಜಿ’ ಪಟ್ಟಿಯೇ ಮುಖ್ಯ. ಅದರಲ್ಲಿ ಒಟ್ಟು 15 ವಾರ್ಷಿಕ ತರಗತಿಗಳಿವೆ. ಹೋಗುವ ಮುನ್ನ ಯೋಜನೆಯ ಪ್ರತಿಯನ್ನು ಇಳಿಸಿಕೊಂಡು ಹೊಸ ಕೌನ್ಸೆಲರ್ ಕೈಗೆ ಕೊಡಿ.

ಪದವಿಗೆ ಭಾರತಕ್ಕೆ ಮರಳುವ ಆಲೋಚನೆ ಇದೆ. ಅದನ್ನೂ ಬರೆಯಬಹುದೇ?

ಬರೆಯಬಹುದು, ಬರೆಯಲೇಬೇಕು. ವೈದ್ಯಕೀಯಕ್ಕೆ ನೀಟ್ ಬರೆಯುವವರು 12ನೇ ತರಗತಿಯ ಮಟ್ಟದಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಓದಿರಬೇಕು. ಇಲ್ಲಿನ ಶಾಲೆಗಳಲ್ಲಿ ಜೀವಶಾಸ್ತ್ರ ಒಂಬತ್ತು ಹತ್ತರಲ್ಲೇ ಮುಗಿದುಹೋಗುವುದು ಸಾಮಾನ್ಯವಾದ್ದರಿಂದ, ಎಪಿ ಬಯಾಲಜಿಯಂಥ ತರಗತಿಯನ್ನು ಮುಂದಿನ ವರ್ಷಗಳಲ್ಲಿ ಇಡಬೇಕಾಗುತ್ತದೆ. ಅಮೆರಿಕದ ಡಿಪ್ಲೊಮಾಕ್ಕೆ ಸಮಾನತೆಯ ಪ್ರಮಾಣಪತ್ರ ಕೊಡುವುದು ಅಸೋಸಿಯೇಷನ್ ಆಫ್ ಇಂಡಿಯನ್ ಯೂನಿವರ್ಸಿಟೀಸ್. ಹನ್ನೆರಡನೆಯದರ ಮೇ ತಿಂಗಳಲ್ಲಿ ಇದನ್ನು ಯೋಚಿಸಿದರೆ ತಡವಾಗಿರುತ್ತದೆ.

ಯೋಜನೆಯಲ್ಲಿ ಮಗು ಬರೆದದ್ದು ನಮಗೆ ಒಪ್ಪಿಗೆಯಿಲ್ಲ. ಏನು ಮಾಡಬೇಕು?

ಕಾನೂನಿನ ಪ್ರಕಾರ ಯೋಜನೆ ವಿದ್ಯಾರ್ಥಿಯದು. ಮಗಳು ಕಂಪ್ಯೂಟರ್ ಸೈನ್ಸ್ ಬದಲು ಸಮುದ್ರ ಜೀವಶಾಸ್ತ್ರ ಎಂದು ಬರೆದಿದ್ದರೆ, ಅದನ್ನು ಅಳಿಸಿ ತಿದ್ದಿಸುವುದರಿಂದ ಪ್ರಯೋಜನವಿಲ್ಲ, ಮುಂದೆ ಅವಳು ನಿಮಗೆ ತೋರಿಸುವುದನ್ನೇ ಬಿಡುತ್ತಾಳೆ. ಆ ಗುರಿಗೆ ಯಾವ ತರಗತಿಗಳು ಬೇಕು, ಅವು ನಿಮಗಿಷ್ಟವಾದ ದಾರಿಯನ್ನೂ ತೆರೆದಿಡುತ್ತವೆಯೇ ಎಂದು ಜೊತೆಗೆ ಕುಳಿತು ನೋಡಿ. ಮೊದಲ ಎರಡು ವರ್ಷಗಳಲ್ಲಿ ಹೆಚ್ಚಿನ ವಿಷಯಗಳು ಎರಡಕ್ಕೂ ಒಂದೇ ಆಗಿರುತ್ತವೆ, ನಿಜವಾದ ಕವಲು ಬರುವುದು ಹನ್ನೊಂದನೆಯದರಲ್ಲಿ. ಆ ಹೊತ್ತಿಗೆ ಅವಳಿಗೂ ನಿಮಗೂ ಇನ್ನಷ್ಟು ತಿಳಿದಿರುತ್ತದೆ.

ಶಾಲೆಯಲ್ಲಿ ಯೋಜನೆಯ ಮಾತೇ ಎತ್ತಿಲ್ಲ. ಯಾರನ್ನು ಕೇಳಬೇಕು?

ಮೊದಲು ಮಗುವನ್ನೇ ಕೇಳಿ. ಹೋಂರೂಂ ಅಥವಾ ಅಡ್ವೈಸರಿ ತರಗತಿಯಲ್ಲಿ ಅದನ್ನು ಮಾಡಿಸಿರುತ್ತಾರೆ, ಮನೆಗೆ ಸುದ್ದಿ ಬಂದಿರುವುದಿಲ್ಲ, ಅಷ್ಟೆ. ಲಾಗಿನ್ ಮಾಡಿಸಿ ಒಟ್ಟಿಗೆ ನೋಡಿ. ಅಲ್ಲೂ ಏನೂ ಇಲ್ಲದಿದ್ದರೆ ಕೌನ್ಸೆಲರ್‌ಗೆ ಇಮೇಲ್ ಬರೆದು, ಈ ವರ್ಷದ ಪರಿಷ್ಕರಣೆ ಯಾವಾಗ ಎಂದು ಕೇಳಿ. ಉತ್ತರ ಬರದಿದ್ದರೆ ಪ್ರಾಂಶುಪಾಲರು, ಆಮೇಲೆ ಡಿಸ್ಟ್ರಿಕ್ಟಿನ ಕಚೇರಿ, ಕೊನೆಗೆ ಒಎಸ್‌ಪಿಐ. ಕೇಳಲು ಸರಿಯಾದ ಕಾಲ ಚಳಿಗಾಲ, ಮುಂದಿನ ವರ್ಷದ ವಿಷಯಗಳ ನೋಂದಣಿ ಆರಂಭವಾಗುವ ಮುನ್ನ.